ಮನೆಯಲ್ಲಿ ಮೊದಲ ಅಕ್ಷರ: ಬಳ್ಳಾರಿಯ ಹಳೆಯ ವರದಿಯೊಂದರ ಬೆಳಕಿನಲ್ಲಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮೂರು ನಾಲ್ಕು ವರ್ಷದ ಮಕ್ಕಳ ತಂದೆ ತಾಯಿಯರು. ಬೆಂಗಳೂರಿನಲ್ಲೋ ಹೊರದೇಶಗಳಲ್ಲೋ ನೆಲೆಸಿರುವ ಅವರು ದೂರವಾಣಿಯಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸಾರ್, ಮಗು ಕನ್ನಡ ಚೆನ್ನಾಗಿ ಮಾತಾಡುತ್ತದೆ. ಶಾಲೆಯಲ್ಲಿ ಎ ಬಿ ಸಿ ಡಿ ಮಾತ್ರ. ಕನ್ನಡ ಓದುವುದನ್ನು ನಾವೇ ಮನೆಯಲ್ಲಿ ಕಲಿಸಬೇಕು. ಎಲ್ಲಿಂದ ಆರಂಭಿಸುವುದು?" ನಾನು ಪಾಠ ಹೇಳಿದ್ದು ಹೈಸ್ಕೂಲಿನಲ್ಲಿ, ಅದೂ ಸಮಾಜ ವಿಜ್ಞಾನವನ್ನು. ಆದುದರಿಂದ ಈ ಪ್ರಶ್ನೆಯನ್ನು ನನಗೆ ತಿಳಿದ ದಾರಿಯಲ್ಲಿ, ಅಂದರೆ ಇತಿಹಾಸದ ದಾರಿಯಲ್ಲಿ, ಹಿಡಿದು ನೋಡಿದ್ದೇನೆ.

ಮದರಾಸು ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಜಿಲ್ಲಾಧಿಕಾರಿಗಳಿಗೆಲ್ಲ ಒಂದು ಆದೇಶ ಕಳುಹಿಸಿದನು. ನಿಮ್ಮ ಜಿಲ್ಲೆಯಲ್ಲಿ ದೇಶೀಯ ಶಾಲೆಗಳೆಷ್ಟು, ಕಲಿಯುವವರೆಷ್ಟು, ಏನನ್ನು ಕಲಿಸುತ್ತಾರೆ ಎಂಬುದನ್ನು ವರದಿ ಮಾಡಿರಿ ಎಂಬುದು ಅದರ ಸಾರ. ಹಲವರು ಅಂಕಿ ಅಂಶಗಳ ಪಟ್ಟಿಯನ್ನಷ್ಟೇ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಶಾಲೆಯೊಳಗೆ ಕುಳಿತು ನೋಡಿದವನಂತೆ ವಿಸ್ತಾರವಾಗಿ ಬರೆದನು. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹು ದೊಡ್ಡದು. ತೆಲುಗು ಸೀಮೆಯ ಭಾಗಗಳೂ ಅದರಲ್ಲಿದ್ದವು. ಒಟ್ಟು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು! ಧರ್ಮಪಾಲರು 1983ರಲ್ಲಿ ಪ್ರಕಟಿಸಿದ 'ದಿ ಬ್ಯೂಟಿಫುಲ್ ಟ್ರೀ' ಗ್ರಂಥದಲ್ಲಿ ಈ ವರದಿಗಳು ಸೇರಿವೆ, ಆಸಕ್ತರು ಓದಬಹುದು.

ಮಗುವಿಗೆ ಐದು ವರ್ಷವಾದಾಗ ವಿದ್ಯಾಭ್ಯಾಸದ ಆರಂಭ. ಅದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ ಎಂಬುದು ಗಮನಾರ್ಹ. ಗುರುಗಳನ್ನೂ ಶಾಲೆಯ ಮಕ್ಕಳೆಲ್ಲರನ್ನೂ ಮನೆಗೇ ಆಹ್ವಾನಿಸುತ್ತಾರೆ. ಎಲ್ಲರೂ ಗಣಪತಿಯ ಸುತ್ತ ಕುಳಿತುಕೊಳ್ಳುತ್ತಾರೆ. ಗುರುವು ಮಗುವಿನ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುತ್ತಾನೆ. ನಮ್ಮ ಕಡೆಯ ಅಕ್ಷರಾಭ್ಯಾಸವೇ ಅದು. ಮರುದಿನ ಬೆಳಗಿನಿಂದ ಮಗು ಶಾಲೆಗೆ ಹೋಗಬೇಕು. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು! ಏಟಿನ ಭಾಗವನ್ನು ನಿಮ್ಮ ಮನೆಗೆ ತರಬೇಡಿ.

ನಮ್ಮ ವಿಷಯಕ್ಕೆ ಮುಖ್ಯವಾದುದು ಮುಂದಿನ ಮಾತು. ಯುರೋಪಿನ ಮಕ್ಕಳು ಅಕ್ಷರಗಳ ಹೆಸರನ್ನು ಕೂಗಿ ಹೇಳುತ್ತ ಕಲಿತರೆ, ಇಲ್ಲಿನ ಮಕ್ಕಳು ನೆಲದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ ಕಲಿಯುತ್ತಾರೆ ಎಂದು ಕ್ಯಾಂಪ್‌ಬೆಲ್ ಸ್ಪಷ್ಟವಾಗಿ ಗುರುತಿಸಿದ್ದಾನೆ. ಬೆರಳು ಪಳಗಿದ ಬಳಿಕವೇ ಹಲಗೆ ಅಥವಾ ಕಡತ. ಹಲಗೆಯೆಂದರೆ ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ನಯವಾದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. ಎರಡರ ಮೇಲೂ ಬರೆಯುವುದು ಬಳಪದಿಂದ, ಒರೆಸುವುದು ಒದ್ದೆ ಬಟ್ಟೆಯಿಂದ. ಮಕ್ಕಳ ಕೈಯಲ್ಲಿದ್ದ ಆ ಕಡತವೆಂಬ ಪದ ಇಂದು ಸರ್ಕಾರಿ ಕಚೇರಿಯ ಮೇಜಿನ ಮೇಲೆ ಬಂದು ಕುಳಿತಿದೆ!

ಅಕ್ಷರಗಳಾದ ಮೇಲೆ ಕಾಗುಣಿತ, ಅನಂತರ ಮನುಷ್ಯರ ಹೆಸರುಗಳು, ಊರುಗಳ ಹೆಸರುಗಳು, ಪ್ರಾಣಿಗಳ ಹೆಸರುಗಳು. ಈ ಕ್ರಮವನ್ನು ಗಮನಿಸಿರಿ. ಮಗು ಓದುವ ಮೊದಲ ಪದಗಳು ಅದರ ಕಿವಿಗೆ ಆಗಲೇ ಪರಿಚಿತವಾದ ಪದಗಳು.

ಬಿ.ಎಡ್. ತರಗತಿಯಲ್ಲಿ ನಮಗೆ ಫ್ರೋಬೆಲ್, ಮಾಂಟೆಸರಿ ಎಲ್ಲರನ್ನೂ ಪಾಠ ಮಾಡಿದರು. ಬಳ್ಳಾರಿಯ ಹೆಸರನ್ನು ಯಾರೂ ಎತ್ತಲಿಲ್ಲ. ಮರಳಿನಲ್ಲಿ ಬರೆಯುವ ಈ ಪದ್ಧತಿಯನ್ನು ಮದರಾಸಿನಲ್ಲಿ ಕಂಡು ಮೆಚ್ಚಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ತಾನು ನಡೆಸುತ್ತಿದ್ದ ಎಗ್ಮೋರಿನ ಅನಾಥ ಬಾಲಕರ ಶಾಲೆಯಲ್ಲಿ ಅದನ್ನು ಅಳವಡಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ಹಲಗೆಗಳು ಕಾಣಿಸಿಕೊಂಡದ್ದು ಹೀಗೆ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹ ತೆರೆದ ಮರಿಯಾ ಮಾಂಟೆಸರಿ ಮರಳು ಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದರು. ಅವರ ಮಕ್ಕಳೂ ಓದುವುದಕ್ಕೆ ಮೊದಲು ಬರೆದರು. ಆಕೆ ನಮ್ಮಿಂದ ಕಲಿತರೆಂದು ನಾನು ಹೇಳುವುದಿಲ್ಲ. 1939ರಲ್ಲಿ ಆಕೆ ಮದರಾಸಿಗೆ ಬರುವ ವೇಳೆಗೆ ನಮ್ಮ ಊರುಗಳಲ್ಲಿ ಮರಳು ಹೋಗಿ ಸ್ಲೇಟು ಬಂದಿತ್ತು. ಇಂದು ಅದೇ ಮರಳಿನ ಅಕ್ಷರಗಳನ್ನು ನಾವು ಅಂದದ ಪೆಟ್ಟಿಗೆಯಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತೇವೆ.

ಹಾಗೆಂದು ಹಳೆಯದೆಲ್ಲ ಹೊನ್ನಾಗಿರಲಿಲ್ಲ. ಬರವಣಿಗೆ ಕಲಿಸುವ ಮಿತವ್ಯಯದ ರೀತಿಯನ್ನೂ, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಹೇಳಿಸುವ ಕ್ರಮವನ್ನೂ ಮನಸಾರೆ ಹೊಗಳಿದ ಕ್ಯಾಂಪ್‌ಬೆಲ್ ಒಂದು ದೋಷವನ್ನು ಕಟುವಾಗಿಯೇ ಎತ್ತಿ ತೋರಿಸಿದ್ದಾನೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳ ಭಾಷೆ ಅವರ ಆಡುಮಾತಿನಿಂದ ಬಹುದೂರ. ಪದ್ಯವನ್ನು ನಿರರ್ಗಳವಾಗಿ ಓದುವ ಹುಡುಗನಿಗೆ ಅದರ ಅರ್ಥವೇ ತಿಳಿಯದು. ಇನ್ನೊಂದು ಸಂಗತಿಯನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದಾನೆ, ನನಗೆ ಹಾಗೆ ಹೋಗಲಾಗುವುದಿಲ್ಲ. ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60.

ಶಾಲೆಯ ಬಾಗಿಲು ಮುಚ್ಚಿದ್ದಾಗ ಉಳಿದದ್ದು ಮನೆ. ಬಂಧುಗಳಿಗೆ ತಿಳಿದಿರುವಂತೆ ನಮ್ಮ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಣ್ಣ ಶಾಲೆಯಿಂದ ಬಂದು ಜಗಲಿಯಲ್ಲಿ ಹೇಳಿಕೊಳ್ಳುತ್ತಿದ್ದ ಪಾಠವನ್ನು ಕೇಳಿ, ಬೆಳಗಿನ ರಂಗೋಲಿ ಹಾಕಿದ ಮೇಲೆ ಉಳಿದ ಪುಡಿಯನ್ನು ನೆಲದ ಮೇಲೆ ಹರಡಿ, ಬೆರಳಿನಿಂದ ಬರೆದು ಬರೆದು ಅವರು ಕಲಿತರು. ರಂಗೋಲಿಯ ಸುಳಿ, ತಿರುವುಗಳಲ್ಲಿ ಪಳಗಿದ ಕೈಗೆ ಕನ್ನಡದ ದುಂಡಗಿನ ಅಕ್ಷರ ಎಷ್ಟರದು! ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದ ಅವರು ಪೆನ್ನು ಹಿಡಿಯಲು ಮಾತ್ರ ಕೊನೆಯವರೆಗೂ ಸಂಕೋಚಪಡುತ್ತಿದ್ದರು.

ಕಾಗುಣಿತದ ಬಗ್ಗೆ ಎರಡು ಮಾತು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಇತ್ಸಿಂಗನೂ ಇಲ್ಲಿನ ಮಕ್ಕಳು ಆರನೆಯ ವಯಸ್ಸಿನಲ್ಲಿ 49 ಅಕ್ಷರಗಳನ್ನೂ ಅವುಗಳ ಸಂಯೋಗಗಳನ್ನೂ ಕಲಿಯಲು ಆರಂಭಿಸಿ ಆರು ತಿಂಗಳಲ್ಲಿ ಮುಗಿಸುವರೆಂದು ಬರೆದಿದ್ದಾನೆ. ಆದರೆ ಓದಲು ಬೇಕಾದುದು 49 ಅಲ್ಲ. 34 ವ್ಯಂಜನಗಳಿಗೆ ಹದಿನೈದರಂತೆ ಗುಣಿಸಿದರೆ 510 ರೂಪಗಳು, ಒತ್ತಕ್ಷರಗಳನ್ನು ಬಿಟ್ಟು. ಇಷ್ಟನ್ನು ಒಂದೊಂದಾಗಿ ನೆನಪಿಡಬೇಕಾಗಿಲ್ಲ ಎಂಬುದೇ ಕಾಗುಣಿತದ ಜಾಣ್ಮೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂಬ ಹೆಸರುಗಳನ್ನು ನೋಡಿರಿ. ಚಿಹ್ನೆಯ ಆಕಾರವೇ ಹೆಸರಾಗಿ ಮಗುವಿಗೆ ಕಣ್ಣಿಗೆ ಕಟ್ಟುವಂತಿದೆ. 'ಕ'ಕಾರಕ್ಕೆ ಕೊಂಬು ಕೊಟ್ಟರೆ 'ಕು' ಎಂದು ಒಮ್ಮೆ ಹಿಡಿದ ಮಗು 'ಗು', 'ನು', 'ಲು'ಗಳನ್ನು ತಾನೇ ಊಹಿಸುತ್ತದೆ. ('ಮ', 'ಯ'ಗಳಲ್ಲಿ ಸ್ವಲ್ಪ ಎಡವುತ್ತದೆ, ಎಡವಲಿ.)

ಆದರೆ ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಹೇಳಿಸಿದ್ದು, ಶಿಶುವಿನ ಓದಿಗಲ್ಲ. ಹಳೆಯ ಕ್ರಮದಲ್ಲಿ ಹೋದರೆ ಮಗು ಏಳನೆಯದಾಗಿ 'ಋ' ಬರೆಯಬೇಕು. 'ಙ'ಕಾರಕ್ಕೆ ಪದ ಹುಡುಕಿ ಮೇಷ್ಟರೇ ಬೆವರಬೇಕು. ಈ ಕಟ್ಟನ್ನು ಸಡಿಲಿಸಿದ್ದು ನಲಿ ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದು ಆರಂಭಿಸಿದ ಈ ಪದ್ಧತಿ 2009ರಿಂದ ರಾಜ್ಯದಾದ್ಯಂತ ಹರಡಿತು. ಅದರಲ್ಲಿ ಮೊದಲ ಗುಂಪು 'ರ ಗ ಸ ದ ಅ'. ಬರೆಯಲು ಸುಲಭವಾದ, ಒಂದರ ಆಕಾರ ಇನ್ನೊಂದಕ್ಕೆ ನೆರವಾಗುವ ಅಕ್ಷರಗಳು. ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಂದು ಮಗು ನಿಜವಾಗಿಯೂ ಓದಿಬಿಡುತ್ತದೆ. ಮೊದಲ ವಾರದಲ್ಲೇ ಅರ್ಥವುಳ್ಳ ಪದವನ್ನು ಓದಿದ ಸಂತೋಷ ಬಳ್ಳಾರಿಯ ಆ ಹುಡುಗನಿಗೆ ದೊರೆತಿರಲಾರದು.

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿಗೆ ಮಾಡುತ್ತಿರುವುದು ಇಷ್ಟೇ. ಸ್ಟೀಲಿನ ತಟ್ಟೆಯಲ್ಲಿ ತೆಳುವಾಗಿ ರವೆ ಹರಡಿ ದಿನಕ್ಕೆ ಹತ್ತು ನಿಮಿಷ ಬೆರಳಿನ ಬರಹ. ಪೆನ್ಸಿಲ್ ಇನ್ನೂ ಕೊಟ್ಟಿಲ್ಲ. ಬರೆಯುವಾಗ ಅಕ್ಷರದ ಧ್ವನಿಯನ್ನು ಬಾಯಿಬಿಟ್ಟು ಹೇಳಬೇಕು. ಊಟಕ್ಕೆ ಕುಳಿತಾಗ ಚಪ್ಪಾಳೆ ತಟ್ಟಿ ಪದ ಬಿಡಿಸುವ ಆಟ: ಕ-ಮ-ಲ, ಮೂರು ಚಪ್ಪಾಳೆ. ಮಲಗುವ ಮುನ್ನ ಅವಳ ಅಜ್ಜಿ ಕಥೆಪುಸ್ತಕವನ್ನು ಬೆರಳಿಟ್ಟು ಓದುತ್ತಾಳೆ. ಆ ಹೊತ್ತಿನಲ್ಲಿ 'ಇದು ಯಾವ ಅಕ್ಷರ?' ಎಂಬ ಪರೀಕ್ಷೆ ನಮ್ಮಲ್ಲಿ ನಿಷಿದ್ಧ. ರವೆ ಅರ್ಧ ನೆಲಕ್ಕೆ ಹೋಗುತ್ತದೆ, ಇರುವೆಗಳಿಗೂ ವಿದ್ಯಾದಾನ.

ಅವಸರ ಬೇಡ ಎನ್ನುವುದಕ್ಕೆ ಇನ್ನೊಂದು ಆಧಾರವಿದೆ. ಕನ್ನಡ ಓದುವ ಮಕ್ಕಳ ಮೇಲೆ ಸಂಶೋಧನೆ ನಡೆಸಿ 2007ರಲ್ಲಿ ಪ್ರಕಟಿಸಿದ ಸೋನಾಲಿ ನಾಗ್ ಅವರ ಪ್ರಕಾರ, ಇಂಗ್ಲಿಷಿನ 26 ಅಕ್ಷರಗಳಂತೆ ನಮ್ಮ ಅಕ್ಷರರೂಪಗಳು ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ. ಮೂರು, ನಾಲ್ಕನೆಯ ತರಗತಿಯವರೆಗೂ ಈ ಕಲಿಕೆ ಮುಂದುವರಿಯುತ್ತದೆ. ಎಲ್.ಕೆ.ಜಿ.ಯಲ್ಲಿ ಪಕ್ಕದ ಮನೆಯ ಮಗು ಇಂಗ್ಲಿಷ್ ಅಕ್ಷರಗಳನ್ನೆಲ್ಲ ಮುಗಿಸಿತು, ನಮ್ಮದು ಇನ್ನೂ 'ಜ ವ ಮ ಬ ನ'ದಲ್ಲಿಯೇ ಇದೆ ಎಂದು ಚಿಂತಿಸುವ ತಾಯಂದಿರು ಇದನ್ನು ಗಮನಿಸಬೇಕು. ಹಿಂದುಳಿದದ್ದು ಮಗುವಲ್ಲ, ಲಿಪಿಯ ದಾರಿಯೇ ಉದ್ದ.

ಒತ್ತಕ್ಷರಗಳ ಪ್ರಶ್ನೆ ಇನ್ನೂ ಉಳಿದಿದೆ. ಅಂಗಡಿಯ ಬೋರ್ಡಿನಲ್ಲಿ 'ಲಕ್ಷ್ಮೀ' ಎಂಬುದನ್ನು ಓದಲು ಹೊರಟ ಮೊಮ್ಮಗಳು ಕಳೆದ ವಾರ ನನ್ನನ್ನು ರಸ್ತೆಯಲ್ಲೇ ಹತ್ತು ನಿಮಿಷ ನಿಲ್ಲಿಸಿದಳು. ಅದನ್ನು ಮುಂದಿನ ಬಾರಿ ಬರೆಯುತ್ತೇನೆ.