ಡಾ. ಎಚ್. ಎಲ್. ತ್ರಿವೇದಿ: ಕೆನಡಾ ಬಿಟ್ಟು ಬಂದ ಕಿಡ್ನಿ ವೈದ್ಯರು

ಡಾ. ಹರಗೋವಿಂದ ಲಕ್ಷ್ಮೀಶಂಕರ ತ್ರಿವೇದಿ (1932–2019) ಅಹಮದಾಬಾದಿನಲ್ಲಿ ಮೂತ್ರಪಿಂಡ ರೋಗಗಳಿಗೆಂದೇ ದೊಡ್ಡ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದ ವೈದ್ಯರು. ಇವರು ಜೈನರಲ್ಲ. ಆದರೂ ನಮ್ಮ ನಾಲ್ಕು ದಾನಗಳಲ್ಲಿ ಒಂದಾದ ಔಷಧದಾನ ಈ ಕಾಲದಲ್ಲಿ ಹೇಗೆ ನಡೆಯಬಹುದು ಎಂಬುದಕ್ಕೆ ಇವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅವರು 1932ರ ಆಗಸ್ಟ್ 31ರಂದು ಸೌರಾಷ್ಟ್ರದ ಹಳವದ ಬಳಿಯ ಚರಾಡವಾ ಗ್ರಾಮದಲ್ಲಿ ಜನಿಸಿದರು. ತಂದೆ ಶಾಲಾ ಶಿಕ್ಷಕರು. ಅಹಮದಾಬಾದಿನ ಬಿ. ಜೆ. ಮೆಡಿಕಲ್ ಕಾಲೇಜಿನಲ್ಲಿ ವೈದ್ಯಶಿಕ್ಷಣ ಪಡೆದು, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಹೆಚ್ಚಿನ ತರಬೇತಿ ಹೊಂದಿದರು. ನಂತರ ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ ಮೂತ್ರಪಿಂಡ ತಜ್ಞರಾಗಿ ನೆಲೆಸಿದರು. ಅಲ್ಲಿ ಒಳ್ಳೆಯ ಹೆಸರು, ಒಳ್ಳೆಯ ಆದಾಯ ಎರಡೂ ಇತ್ತು. ಅದನ್ನು ಬಿಟ್ಟು 1977ರಲ್ಲಿ ಭಾರತಕ್ಕೆ ಮರಳಿದರು. ನಡೆಯುವ ಅಂಗಡಿಗೆ ಬೀಗ ಹಾಕಿ ಬರುವುದು ಎಷ್ಟು ಕಷ್ಟ ಎಂದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ನಮ್ಮ ದೇಶದಲ್ಲಿ ಕಿಡ್ನಿ ಕೆಟ್ಟಿತೆಂದರೆ ಸಾಮಾನ್ಯರ ಪಾಲಿಗೆ ಎಲ್ಲವೂ ಮುಗಿದಂತೆ. ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ‍್ರೆ 1954ರಲ್ಲೇ ಅವಳಿ ಸಹೋದರರ ನಡುವೆ ಕಿಡ್ನಿ ಕಸಿ ಮಾಡಿ ಯಶಸ್ವಿಯಾಗಿದ್ದರು. ನಮ್ಮಲ್ಲಿ ವೆಲ್ಲೂರಿನ ಸಿ. ಎಂ. ಸಿ. ಆಸ್ಪತ್ರೆಯಲ್ಲಿ 1971ರಲ್ಲಿ ಕಸಿ ಕೈಗೂಡಿತ್ತು. ಡಯಾಲಿಸಿಸ್ ಎಂಬ ಪದವನ್ನು ನಮ್ಮ ಪೀಳಿಗೆಯವರು ಮೊದಲು ಕೇಳಿದ್ದು ಬಹುಶಃ ತುರ್ತುಪರಿಸ್ಥಿತಿಯ ನಂತರ, ಜಯಪ್ರಕಾಶ ನಾರಾಯಣರ ಕಾಯಿಲೆಯ ಸುದ್ದಿಯಲ್ಲಿ. ದೊಡ್ಡ ನಗರ, ದೊಡ್ಡ ಮನುಷ್ಯರ ಮಾತು ಅದು.

ತ್ರಿವೇದಿಯವರು ಖಾಸಗಿ ಆಸ್ಪತ್ರೆ ತೆರೆಯದೆ ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣವನ್ನೇ ಆರಿಸಿಕೊಂಡು, 1981ರಲ್ಲಿ ಮೂತ್ರಪಿಂಡ ರೋಗಗಳ ಸಂಸ್ಥೆಯನ್ನು ಆರಂಭಿಸಿದರು. ಸರ್ಕಾರದ ನೆರವೂ ದಾನಿಗಳ ಹಣವೂ ಅದರಲ್ಲಿ ಕೂಡಿದವು. ಸಂಸ್ಥೆಯ ಹೆಸರಿನಲ್ಲಿ ಶ್ರೀಮತಿ ಜಿ. ಆರ್. ದೋಶಿ ಮತ್ತು ಶ್ರೀಮತಿ ಕೆ. ಎಂ. ಮೆಹ್ತಾ ಅವರ ಹೆಸರುಗಳಿವೆ. ದೋಶಿ, ಮೆಹ್ತಾ ಎಂದರೆ ನಮ್ಮವರ ಕಿವಿಗೆ ಪರಿಚಿತವೇ. ಕಮಲಾಪುರದಿಂದ ನಮ್ಮ ಬುಕ್ಕಸಾಗರ, ಕಂಪ್ಲಿ ಕಡೆಗೆ ಬರುವ ದಾರಿಯಲ್ಲಿ ಗಾಣಗಿತ್ತಿ ಬಸದಿಯ ಮುಂದಿನ ಕಂಬದಲ್ಲಿ 1385ರ ಶಾಸನವಿದೆ. ಬಸದಿ ಕಟ್ಟಿಸಿದ ಇರುಗಪ್ಪ ದಂಡನಾಯಕನ ಹೆಸರು ಇಂದಿಗೂ ಅದರಲ್ಲಿ ಓದಲು ಸಿಗುತ್ತದೆ. ಅಹಮದಾಬಾದಿನಲ್ಲಿ ದಾನಿಗಳ ಹೆಸರು ರೋಗಿಗಳು ಬಂದು ನಿಲ್ಲುವ ಬಾಗಿಲ ಮೇಲಿದೆ.

ಕಸಿ ಮಾಡಿದರೆ ಕೆಲಸ ಮುಗಿಯುವುದಿಲ್ಲ. ಬೇರೆಯವರ ಕಿಡ್ನಿಯನ್ನು ದೇಹ ಪರಕೀಯವೆಂದು ತಿಳಿದು ನಾಶಮಾಡಲು ನೋಡುತ್ತದೆ. ಅದನ್ನು ತಡೆಯುವ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು. ಅವು ದುಬಾರಿ, ಸೋಂಕಿನ ಭಯವೂ ಇದೆ. ಮಾತ್ರೆಗೆ ಹಣವಿಲ್ಲದೆ ನಿಲ್ಲಿಸಿದರೆ, ಮನೆಯವರು ಕೊಟ್ಟ ಕಿಡ್ನಿಯೂ ಹೋಗುತ್ತದೆ. ತ್ರಿವೇದಿಯವರ ಸಂಶೋಧನೆ ಇದರ ಮೇಲೆಯೇ. ಕಿಡ್ನಿ ಕೊಡುವವರ ಕಾಂಡಕೋಶಗಳನ್ನು ಮೊದಲೇ ರೋಗಿಯ ದೇಹಕ್ಕೆ ಸೇರಿಸಿ, ಹೊಸ ಅಂಗವನ್ನು ದೇಹ ತಾನಾಗಿ ಒಪ್ಪಿಕೊಳ್ಳುವಂತೆ ಮಾಡಿ, ಮಾತ್ರೆಯ ಪ್ರಮಾಣ ತಗ್ಗಿಸಲು ಅವರು ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದರು. ಎಲ್ಲ ಕಡೆ ಈ ವಿಧಾನ ಬಳಕೆಗೆ ಬಂದಿಲ್ಲ. ಆದರೆ ಬಡ ರೋಗಿಯ ಮಾತ್ರೆಯ ಖರ್ಚನ್ನು ವೈದ್ಯರೊಬ್ಬರು ವಿಜ್ಞಾನದ ಪ್ರಶ್ನೆಯಾಗಿ ತೆಗೆದುಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಅವರ ಸಂಸ್ಥೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಕಿಡ್ನಿ ಕಸಿಗಳು ನಡೆದಿವೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 2ರಂದು, 87ನೇ ವಯಸ್ಸಿನಲ್ಲಿ ಅಹಮದಾಬಾದಿನಲ್ಲೇ ನಿಧನರಾದರು.

ನಮ್ಮ ಭಾಗದ ಸಮಾಜ ಬಾಂಧವರಿಗೆ ಎರಡು ಮಾತು. ಕಿಡ್ನಿ ಕೆಡಲು ಮುಖ್ಯ ಕಾರಣ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಎರಡೂ ಗಲ್ಲಾದ ಮುಂದೆ ಕೂತವರಿಗೆ ಹತ್ತಿರದ ನೆಂಟರು. ಡಯಾಲಿಸಿಸ್ ರೋಗಿಗಳನ್ನು ನೋಡಲು ಹೋಗುವಾಗ ನಮ್ಮ ತೋಟದ ಬಾಳೆಹಣ್ಣು, ಎಳನೀರು ಒಯ್ಯುವ ರೂಢಿ ಇಲ್ಲಿದೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಅಂಥವರ ಹೃದಯಕ್ಕೆ ಅದು ಅಪಾಯ. ಕಿಡ್ನಿ ತೊಂದರೆ ಇರುವವರು ಪರ್ವದ ದಿನಗಳಲ್ಲಿ ನೀರೂ ಬಿಟ್ಟು ಉಪವಾಸ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಅಂಗಾಂಗ ದಾನಕ್ಕೆ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ವ್ಯವಸ್ಥೆ ಇದೆ. ಮಿದುಳು ನಿಷ್ಕ್ರಿಯವಾದ ಒಬ್ಬರಿಂದ ಎರಡು ಕಿಡ್ನಿ ಇಬ್ಬರಿಗೆ ಸಿಗುತ್ತವೆ. ಹೆಸರು ನೋಂದಾಯಿಸಿದವರು ಅದನ್ನು ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಹೇಳಿರಬೇಕು. ಆ ಗಳಿಗೆಯಲ್ಲಿ ವೈದ್ಯರು ಒಪ್ಪಿಗೆ ಕೇಳುವುದು ಅವರನ್ನೇ.