ಲೆಡನ್‌ಹಾಲ್ ಬೀದಿಯ ಕಾಗದದ ಬೆಟ್ಟ

ಮೊನ್ನೆ ಸ್ನೇಹಿತರೊಬ್ಬರು ಮನೆಗೆ ಬಂದಿದ್ದರು. ಬೆಂಗಳೂರಿನ ಒಂದು ಕಂಪೆನಿಯ ನಿರ್ದೇಶಕರಲ್ಲಿ ಅವರೂ ಒಬ್ಬರು. “ಈಗ ನಮ್ಮ ಮುಂದೆ ಅಂಕಿ ಅಂಶಗಳ ಸಮುದ್ರವೇ ಇದೆ, ಸ್ವಾಮಿ. ಇನ್ನು ತೀರ್ಮಾನ ತಪ್ಪುವ ಮಾತೇ ಇಲ್ಲ” ಎಂದರು. ನಾನು ವಾದಕ್ಕೆ ಹೋಗಲಿಲ್ಲ, ಕಾಫಿ ಆರುತ್ತಿತ್ತು. ಅವರು ಹೋದ ಮೇಲೆ ನನಗೆ ಬೇರೊಂದು ಕಂಪೆನಿಯ ನೆನಪಾಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ಕುಂಪಣಿ.

ಈಸ್ಟ್ ಇಂಡಿಯಾ ಕಂಪೆನಿಗೆ 24 ಮಂದಿ ನಿರ್ದೇಶಕರು. ಅವರು ಕೂಡುತ್ತಿದ್ದುದು ಲಂಡನ್ನಿನ ಲೆಡನ್‌ಹಾಲ್ ಬೀದಿಯ ಇಂಡಿಯಾ ಹೌಸಿನಲ್ಲಿ. ಎರಡು ಸಾವಿರ ಪೌಂಡಿನ ಷೇರು ಇದ್ದವನು ಆ ಸ್ಥಾನಕ್ಕೆ ನಿಲ್ಲಬಹುದಾಗಿತ್ತು. ಸಂಬಳ ಅಲ್ಪ, ಹೆಚ್ಚುಗಾರಿಕೆಯೆಲ್ಲ ಇಂಡಿಯಾದ ನೌಕರಿಗಳನ್ನು ತಮ್ಮವರಿಗೆ ಹಂಚುವುದರಲ್ಲಿತ್ತು. ಇವರಿಗೆ ಮಾಹಿತಿಯ ಕೊರತೆಯಿತ್ತೆಂದು ಯಾರೂ ಹೇಳಲಾರರು. 1793ರಿಂದ 1813ರವರೆಗಿನ 21 ವರ್ಷಗಳಲ್ಲಿ ಇಂಡಿಯಾದಿಂದ ಅಲ್ಲಿಗೆ ಬಂದು ಸೇರಿದ ದಪ್ಪ ದಪ್ಪ ಸಂಪುಟಗಳು 9,094. ಮುಂದಿನ 16 ವರ್ಷಗಳಲ್ಲಿ 12,414. ಹಳ್ಳಿಯ ಅಮಲ್ದಾರನ ಮೇಲಿನ ದೂರಿನಿಂದ ಹಿಡಿದು ಯುದ್ಧದ ಖರ್ಚಿನವರೆಗೆ ಎಲ್ಲವೂ ಬರೆಹದಲ್ಲಿ ನಡೆಯಬೇಕು, ಎಲ್ಲದರ ನಕಲೂ ಲಂಡನ್ನಿಗೆ ಹೋಗಬೇಕು. ಇಂಥ ರಕ್ಷಣೆ ಇನ್ನಾವ ಸರ್ಕಾರಕ್ಕೂ ಇಲ್ಲವೆಂಬ ಧಾಟಿಯಲ್ಲಿ ಜಾನ್ ಸ್ಟುವರ್ಟ್ ಮಿಲ್ 1852ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಳಿದ.

ಆದರೆ ಈ ಬೆಟ್ಟವನ್ನು ಓದುವವರು ಯಾರು? ನಿರ್ದೇಶಕರಲ್ಲ; ಅವರಿಗೆ ಬ್ಯಾಂಕು, ಹಡಗು, ಚುನಾವಣೆ ಎಲ್ಲ ಉಂಟು. ಪತ್ರ ಬಂದರೆ ಕಚೇರಿಯವರು ಸಾರಾಂಶ ತೆಗೆಯುವರು. ಉತ್ತರದ ಕರಡನ್ನೂ ಅವರೇ ಬರೆಯುವರು. ಅದು ಅಧ್ಯಕ್ಷರ ಕಣ್ಣಿಗೆ ಬಿದ್ದು, ಸರ್ಕಾರದ ನಿಯಂತ್ರಣ ಮಂಡಳಿಗೆ ಹೋಗಿ, ತಿದ್ದುಪಡಿಯಾಗಿ, ಮತ್ತೆ ಬರುವುದು. ಹೀಗಾಗಿ ತೀರ್ಮಾನದ ಬಹುಪಾಲು ಸಾರಾಂಶ ಬರೆದವನ ಲೇಖನಿಯಲ್ಲೇ ಆಗಿಹೋಗುತ್ತಿತ್ತು. ಜೇಮ್ಸ್ ಮಿಲ್ 1819ರಲ್ಲಿ ಈ ಕಚೇರಿಗೆ ಸೇರಿದ. ಮಗ ಜಾನ್ ಸ್ಟುವರ್ಟ್ 1823ರಲ್ಲಿ. ದೇಶೀಯ ಸಂಸ್ಥಾನಗಳ ಪತ್ರವ್ಯವಹಾರ ಬಹು ಕಾಲ ಮಗನ ಮೇಜಿನದೇ ಆಗಿತ್ತು. ತಂದೆ ಮಕ್ಕಳಿಬ್ಬರೂ ಇಂಡಿಯಾದ ನೆಲ ಮೆಟ್ಟಿದವರಲ್ಲ. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಇದೇ ಕಟ್ಟಡದ ಲೆಕ್ಕದ ವಿಭಾಗದಲ್ಲಿ 33 ವರ್ಷ ಸವೆಸಿದ. ತನ್ನ ನಿಜವಾದ ಕೃತಿಗಳು ಅಲ್ಲಿನ ಕಪಾಟುಗಳಲ್ಲಿವೆ ಎಂದು ಅವನು ತಮಾಷೆ ಮಾಡಿದ್ದುಂಟು. ಆ ಕೃತಿಗಳಿಗೆ ಓದುಗರು ದೊರೆತರೋ ಇಲ್ಲವೋ!

ನಮ್ಮ ನಾಡಿನ ಸಂಗತಿಗೆ ಬರೋಣ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ನೋಡಿ ಬರೆಯಲು ಕಳುಹಿಸಿದ. 1807ರಲ್ಲಿ ನಿರ್ದೇಶಕರ ಪೋಷಣೆಯಿಂದಲೇ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ನಾನು ಅದನ್ನು ಆಗಾಗ ತಿರುವಿಹಾಕುವುದುಂಟು. ಕೂರಿಗೆಯ ಕಟ್ಟು, ಅಡಿಕೆ ತೋಟದ ಆರೈಕೆ, ಕಬ್ಬಿಣದ ಕುಲುಮೆ, ನೇಕಾರರ ಮಗ್ಗ, ರೈತನ ಕಂದಾಯ, ಯಾವುದನ್ನೂ ಆತ ಬಿಟ್ಟಿಲ್ಲ. ಘಟ್ಟ ಹತ್ತಿ ನಗರವನ್ನೂ ನೋಡಿ ಬಂದ. ಅಂದಮೇಲೆ ನಗರದ ಸೀಮೆಯ ಬದುಕು ಎಂಥದೆಂಬ ವಿವರ ಲೆಡನ್‌ಹಾಲ್ ಬೀದಿಯ ಕಪಾಟಿನಲ್ಲಿ ಇದ್ದೇ ಇತ್ತು. ಮುಂದೆ ಅದೇ ಬುಕಾನನ್ ಬಂಗಾಳ, ಬಿಹಾರಗಳಲ್ಲಿ 1807ರಿಂದ 1814ರವರೆಗೆ ಸುತ್ತಿ, ಪಾಟ್ನಾ ಮತ್ತು ಬಿಹಾರ ಜಿಲ್ಲೆಯಲ್ಲಿ ನೂಲುವ ಹೆಂಗಸರು 3,30,426 ಎಂದು ಲೆಕ್ಕ ಬರೆದ. ಆ ಹಸ್ತಪ್ರತಿ ಲಂಡನ್ನಿನಲ್ಲಿ ಧೂಳು ತಿಂದು, ಅದರ ಒಂದಷ್ಟು ಭಾಗ 1838ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ವಿಲಾಯಿತಿ ನೂಲು ಬಂದು ರಾಟೆಗೆ ಕುತ್ತಾಗಿತ್ತು.

1830ರಲ್ಲಿ ನಗರದ ರೈತರು ದಂಗೆ ಎದ್ದರು. ಗವರ್ನರ್ ಜನರಲ್ ಬೆಂಟಿಂಕ್ ಮದರಾಸಿನಿಂದ ಬಂದ ವರದಿಗಳನ್ನು ನಂಬಿ 1831ರ ಸೆಪ್ಟೆಂಬರಿನಲ್ಲಿ ಪತ್ರ ಬರೆದ. ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರ ಜಾರಿತು. ವಿಚಾರಣೆಯ ಸಮಿತಿ ವರದಿ ಕೊಟ್ಟದ್ದು 1833ರಲ್ಲಿ! ಮೊದಲು ಶಿಕ್ಷೆ, ಆಮೇಲೆ ಸಾಕ್ಷಿ. ಸಮಿತಿ ಒಡೆಯರ ಆಡಳಿತದ ದೋಷಗಳನ್ನು ಮುಚ್ಚಿಡಲಿಲ್ಲ, ನಿಜ. ಅಮಲ್ದಾರಿಗಳನ್ನು ಹೆಚ್ಚು ಹಣದ ಶರತ್ತಿಗೆ ಕೊಡುತ್ತಿದ್ದುದನ್ನು ನಾವೂ ಸಮರ್ಥಿಸಬೇಕಾಗಿಲ್ಲ. ಆದರೆ 1799ರ ಕೌಲು ಹೇಳುತ್ತಿದ್ದುದು ಬೇರೆ: ವರ್ಷಕ್ಕೆ ಏಳು ಲಕ್ಷ ವರಹ ಪೊಗದಿಗೆ ಭಂಗ ಬರುವಂತಿದ್ದರೆ, ಅದಕ್ಕೆ ಬೇಕಾದಷ್ಟು ಸೀಮೆಯನ್ನು ಕಂಪೆನಿ ವಹಿಸಿಕೊಳ್ಳಬಹುದು. 1834ರಲ್ಲಿ ಬೆಂಟಿಂಕನಿಗೇ ಮನಸ್ಸು ಕುಟುಕಿತು. ಪೊಗದಿಗೆ ಆಗಲೇ ಅಪಾಯವಿರಲಿಲ್ಲ, ಒಂದು ಭಾಗ ಸಾಕಾಗುತ್ತಿದ್ದಲ್ಲಿ ಇಡೀ ರಾಜ್ಯವನ್ನು ತೆಗೆದುಕೊಂಡದ್ದಾಯಿತು, ಇದು ನ್ಯಾಯವೇ ಎಂದು ಶಂಕಿಸಿ, ಕೆಲವು ಸೀಮೆಗಳನ್ನು ದೊರೆಗೆ ಹಿಂದಿರುಗಿಸೋಣವೆಂದು ನಿರ್ದೇಶಕರಿಗೆ ಬರೆದ.

ಈ ಸಲ ಮಾಹಿತಿ ಕೈಯಲ್ಲಿತ್ತು. ಕೌಲಿನ ಪ್ರತಿ, ಸಮಿತಿಯ ವರದಿ, ತಪ್ಪು ಮಾಡಿದವನ ಒಪ್ಪಿಗೆ, ಎಲ್ಲ ಮೇಜಿನ ಮೇಲಿದ್ದವು. ನಿರ್ದೇಶಕರು ಒಪ್ಪಲಿಲ್ಲ. ಒಳ್ಳೆಯ ಆಡಳಿತ ಬೇರೂರುವವರೆಗೆ ಇಡೀ ರಾಜ್ಯ ತಮ್ಮ ಕೈಯಲ್ಲೇ ಇರಲಿ ಎಂದರು. ಎಷ್ಟು ವರ್ಷವೆಂದು ಹೇಳಲಿಲ್ಲ. ಕಾಗದ ಕಡಮೆಯಾಗಿ ಹೀಗಾಯಿತೆಂದು ನನಗೆ ತೋರುವುದಿಲ್ಲ. ಕೈಗೆ ಬಂದ ಸೀಮೆಯನ್ನು ಬಿಡಿರೆಂದು ಯಾವ ಸಂಪುಟ ತಾನೆ ಅವರನ್ನು ಒಪ್ಪಿಸಬಲ್ಲದಾಗಿತ್ತು?

ಮುಮ್ಮಡಿಯವರು ಮನವಿಯ ಮೇಲೆ ಮನವಿ ಬರೆದರು. ಬೆಟ್ಟಕ್ಕೆ ಅವೂ ಸೇರಿದವು. 1858ರಲ್ಲಿ ಕಂಪೆನಿಯ ಆಳಿಕೆ ಮುಗಿಯಿತು. ಸ್ವಲ್ಪ ಕಾಲದಲ್ಲೇ ಇಂಡಿಯಾ ಹೌಸನ್ನು ಕೆಡವಿದರು. ಅಲ್ಲಿದ್ದ ಹಳೆಯ ಕಾಗದ ಟನ್ನುಗಟ್ಟಲೆ ರದ್ದಿಗೆ ಹೋಯಿತು. 1868ರಲ್ಲಿ ಮುಮ್ಮಡಿಯವರು ತೀರಿಕೊಂಡರು. ರಾಜ್ಯ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ ಬಂದದ್ದು 1881ರ ಮಾರ್ಚಿಯಲ್ಲಿ, ಐವತ್ತು ವರ್ಷಗಳ ಮೇಲೆ.