ದಾಸರಹಳ್ಳಿಯಿಂದ ಸೇಂಟ್ ಮೇರೀಸ್‌ಗೆ: ಕ್ಯಾಮೆರಾ ಹಿಡಿದು ದ್ವೀಪಕ್ಕೆ ಹೊರಡುವವರಿಗೆ

ಉಡುಪಿ ಜಿಲ್ಲೆಯ ಮಲ್ಪೆ ತೀರದಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದಲ್ಲಿ ಉತ್ತರ-ದಕ್ಷಿಣವಾಗಿ ಸಾಲುಗಟ್ಟಿರುವ ನಡುಗಡ್ಡೆಗಳೇ ಸೇಂಟ್ ಮೇರೀಸ್ ದ್ವೀಪಗಳು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಇವುಗಳಲ್ಲಿ ಮುಖ್ಯವಾದವು. ಪ್ರವಾಸಿ ದೋಣಿಗಳು ಹೋಗುವ ತೆಂಗಿನ ದ್ವೀಪದ ಉದ್ದ ಅರ್ಧ ಕಿಲೋಮೀಟರಿನಷ್ಟು, ಅಗಲ ನೂರು ಮೀಟರಿನಷ್ಟು. ಬೆಂಗಳೂರಿನ ಟಿ. ದಾಸರಹಳ್ಳಿ, ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆಯವರಿಗೆ ಇದು ಒಂದು ರಾತ್ರಿಯ ಪ್ರಯಾಣದಲ್ಲಿ ಸಿಗುವ ಉಷ್ಣವಲಯದ ದ್ವೀಪ. ವೀಸಾ ಬೇಡ, ವಿಮಾನ ಬೇಡ. ಬೇಕಾದದ್ದು ಲೆಕ್ಕಾಚಾರ. ಏಕೆಂದರೆ ಛಾಯಾಗ್ರಾಹಕರು ಬಯಸುವ ಬೆಳಕಿನ ಹೊತ್ತಿಗೂ ಇಲ್ಲಿನ ದೋಣಿಯ ಹೊತ್ತಿಗೂ ಹೊಂದಾಣಿಕೆಯಿಲ್ಲ. ಅದನ್ನು ಮೊದಲೇ ತಿಳಿದು ಹೊರಟವರಿಗೆ ಮಾತ್ರ ಒಳ್ಳೆಯ ಚಿತ್ರಗಳು ಸಿಗುತ್ತವೆ.

ಕಂಬಗಳ ಹುಟ್ಟು

ಈ ದ್ವೀಪವನ್ನು ಬೇರೆ ಕಡಲತೀರಗಳಿಂದ ಬೇರೆ ಮಾಡುವುದು ಅಲ್ಲಿನ ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇಲ್ಲಿ ಆರಿ ಗಟ್ಟಿಯಾಯಿತು. ಆರುವಾಗ ಕುಗ್ಗಿ, ಮೇಲಿನಿಂದ ಕೆಳಕ್ಕೆ ಸೀಳುಬಿಟ್ಟು, ಐದು, ಆರು, ಏಳು ಮುಖಗಳ ಕಂಬಗಳಾಯಿತು. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿ ಇರುವುದೂ ಇಂಥವೇ ಕಂಬಗಳು. ವಯಸ್ಸಿನಲ್ಲಿ ನಮ್ಮವೇ ಹಿರಿಯವು. ಜನಪ್ರಿಯ ಬರಹಗಳಲ್ಲಿ ಇದನ್ನು ಬಸಾಲ್ಟ್ ಎನ್ನುತ್ತಾರೆ. ಕಲ್ಲಿನ ರಾಸಾಯನಿಕ ರಚನೆಯನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ವರ್ಗಕ್ಕೆ ಸೇರಿಸುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಛಾಯಾಗ್ರಾಹಕರಿಗೆ ಈ ವಿವರ ಏಕೆ ಮುಖ್ಯವೆಂದರೆ, ಕಲ್ಲು ಹೇಗೆ ಸೀಳಿದೆ ಎಂದು ಗೊತ್ತಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಾಗುತ್ತದೆ. ದೂರದಿಂದ ನೋಡಿದರೆ ಕಪ್ಪು ಬಂಡೆಗಳ ರಾಶಿ. ಹತ್ತಿರ ಹೋಗಿ ಮೇಲಿನಿಂದ ನೋಡಿದರೆ ಒಂದಕ್ಕೊಂದು ಒತ್ತಿಕೊಂಡ ಕೋನಗಳು, ನಡುವೆ ಬೆರಳು ಹೋಗುವಷ್ಟು ಸಂದು, ಸಂದಿನಲ್ಲಿ ಸಿಕ್ಕಿಕೊಂಡ ಚಿಪ್ಪಿನ ಚೂರು, ಒಂದು ಕಂಬದ ತಲೆಯ ತಗ್ಗಿನಲ್ಲಿ ಬೊಗಸೆಯಷ್ಟು ಉಪ್ಪುನೀರು. ಎಲ್ಲರೂ ತೆಗೆಯುವ ಅಗಲ ದೃಶ್ಯಕ್ಕಿಂತ ಇಂಥ ಒಂದು ಚದರಡಿಯ ಚಿತ್ರವೇ ಈ ಜಾಗದ ಗುಣವನ್ನು ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಾವ ತಿಂಗಳು ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತದೆ, ಪ್ರವಾಸಿ ದೋಣಿಗಳು ನಿಂತಿರುತ್ತವೆ. ಉಳಿದ ತಿಂಗಳುಗಳಲ್ಲಿ ನವೆಂಬರ್‌ನಿಂದ ಫೆಬ್ರವರಿ ಅತ್ಯುತ್ತಮ. ಹವೆ ತಂಪು ಎಂಬುದಷ್ಟೇ ಕಾರಣವಲ್ಲ, ಸೂರ್ಯನ ಓರೆಯೂ ಕಾರಣ. ಮಲ್ಪೆ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನೆರಳೇ ಇಲ್ಲದಂತಾಗುತ್ತದೆ. ಕಂಬಗಳು ಚಪ್ಪಟೆಯಾಗಿ ಕಾಣುತ್ತವೆ. ಡಿಸೆಂಬರ್ ಕೊನೆಯಲ್ಲಿ ಅದೇ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ, ಕ್ಷಿತಿಜದಿಂದ 53 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಪ್ರತಿ ಕಂಬಕ್ಕೂ ಬೆಳಕಿನ ಒಂದು ಮೈ, ನೆರಳಿನ ಒಂದು ಮೈ ಸಿಗುತ್ತದೆ. ಹಗಲಿನಲ್ಲಿ ಮಾತ್ರ ತಲುಪಬಹುದಾದ ದ್ವೀಪದಲ್ಲಿ ಇದು ಸಣ್ಣ ಲಾಭವಲ್ಲ.

ಹೊರಡುವ ದಾರಿ

ಉಡುಪಿ, ಮಂಗಳೂರು ಕಡೆಯ ರಾತ್ರಿ ಬಸ್ಸುಗಳು ಮೆಜೆಸ್ಟಿಕ್ ಬಿಟ್ಟು ತುಮಕೂರು ರಸ್ತೆಯಲ್ಲೇ ನೆಲಮಂಗಲದತ್ತ ಸಾಗುತ್ತವೆ. ಹಾಗಾಗಿ ದಾಸರಹಳ್ಳಿಯವರು ಊರೊಳಗೆ ಹೋಗಬೇಕಿಲ್ಲ. ಟಿಕೆಟ್ ಮಾಡುವಾಗ ಹತ್ತುವ ಜಾಗವಾಗಿ ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ ಅಥವಾ 8ನೇ ಮೈಲಿ ಇದೆಯೇ ನೋಡಿಕೊಂಡರಾಯಿತು. ರೈಲು ಇಷ್ಟವಾದರೆ ಹಸಿರು ಮಾರ್ಗದ ಮೆಟ್ರೊದಲ್ಲಿ ಯಶವಂತಪುರಕ್ಕೆ ಹೋಗಿ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಬಹುದು. ಅದು ಕುಣಿಗಲ್, ಹಾಸನ, ಸಕಲೇಶಪುರದ ಘಾಟಿ ಇಳಿದು ಬೆಳಿಗ್ಗೆ ಉಡುಪಿ ಮುಟ್ಟುತ್ತದೆ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ ಉಂಟು, ಆಟೊ ಉಂಟು. ದೂರ ಸುಮಾರು 6 ಕಿ.ಮೀ.

ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಬಹುಪಾಲು ಮಂದಿಗೆ ಭಾನುವಾರವೇ ರಜೆ, ದ್ವೀಪದಲ್ಲಿ ಅತಿ ಹೆಚ್ಚು ಜನ ಸೇರುವುದೂ ಅಂದೇ. ಸಾಧ್ಯವಾದರೆ ವಾರದ ನಡುವೆ ಒಂದು ದಿನ ರಜೆ ಹಾಕಿ. ಮನುಷ್ಯರಿಲ್ಲದ ಚೌಕಟ್ಟು ಬೇಕಾದವರಿಗೆ ಲೆನ್ಸ್‌ಗಿಂತ ಆ ರಜೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದೋಣಿ, ಬೆಳಕು, ಉಬ್ಬರವಿಳಿತ

ಸೂರ್ಯೋದಯದ ಬೆಳಕು, ಸೂರ್ಯಾಸ್ತದ ಬೆಳಕು ಎಂದು ಛಾಯಾಗ್ರಹಣದ ಪುಸ್ತಕಗಳೆಲ್ಲ ಹೇಳುತ್ತವೆ. ಇಲ್ಲಿ ಎರಡೂ ಸಿಗುವುದಿಲ್ಲ. ದೋಣಿಗಳು ಹೊರಡುವುದೇ ಬೆಳಿಗ್ಗೆ 9ರ ಸುಮಾರಿಗೆ, ಅದೂ ಸಾಕಷ್ಟು ಜನ ಸೇರಿದ ಮೇಲೆ. ಸಂಜೆ ಎಲ್ಲರೂ ಮರಳಲೇಬೇಕು. ದ್ವೀಪದಲ್ಲಿ ವಸತಿಯಿಲ್ಲ. ಆದ್ದರಿಂದ ಯೋಜನೆಯನ್ನು ಎರಡಾಗಿ ಮಾಡಿಕೊಳ್ಳಬೇಕು: ದ್ವೀಪದ ಚಿತ್ರಗಳು ಹಗಲಿಗೆ, ಬಣ್ಣದ ಆಕಾಶ ಮಲ್ಪೆ ತೀರಕ್ಕೆ.

ಮೊದಲ ದೋಣಿಯಲ್ಲೇ ಹೋಗಿ. ಆಗ ಸೂರ್ಯ ಪೂರ್ವದಲ್ಲಿರುತ್ತಾನೆ. ಬಂಡೆಗಳು ಹೆಚ್ಚಾಗಿರುವ ಪಶ್ಚಿಮದ ಅಂಚಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಬೆಳಕು ಬೆನ್ನ ಹಿಂದಿನಿಂದ ಬಂದು ನೀರು ನೀಲಿ-ಹಸಿರಾಗಿ ಕಾಣುತ್ತದೆ. ಕ್ಯಾಮೆರಾವನ್ನು ತೀರದುದ್ದಕ್ಕೂ, ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿದರೆ ಇನ್ನೂ ಒಳ್ಳೆಯದು. ಕಂಬಗಳಿಗೆ ಪಕ್ಕದಿಂದ ಬೆಳಕು ಬೀಳುತ್ತದೆ. ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿರುವ ಆಕಾಶದ ಮೇಲೆ ಪೋಲರೈಸರ್ ಫಿಲ್ಟರ್ ಅತಿ ಹೆಚ್ಚು ಕೆಲಸ ಮಾಡುವುದರಿಂದ ಆಕಾಶ ಗಾಢವಾಗಿ, ನೀರಿನ ಮೇಲಿನ ಹೊಳಪು ಕಳೆದು ತಳದ ಕಲ್ಲು ಕಾಣುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದೇ ಜಾಗ ಪೂರ್ತಿ ಬದಲಾಗುತ್ತದೆ. ಈಗ ಎದುರು ಬೆಳಕು, ಮಿನುಗುವ ನೀರು, ಕಪ್ಪು ಕಂಬಗಳು. ಬಣ್ಣ ಬಿಟ್ಟು ಕಪ್ಪು-ಬಿಳುಪಿನಲ್ಲಿ ತೆಗೆಯಲು ಇದೇ ಹೊತ್ತು.

ಇನ್ನು ಉಬ್ಬರವಿಳಿತ. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಇವುಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಮಲ್ಪೆಯ ಉಬ್ಬರವಿಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ; ಬಸ್ ಟಿಕೆಟ್ ಮಾಡುವ ಮುಂಚೆ ಅದನ್ನು ನೋಡಿ, ಇಳಿತದ ಹೊತ್ತು ಬೆಳಿಗ್ಗೆ 10ರಿಂದ 12ರ ನಡುವೆ ಬೀಳುವ ದಿನವನ್ನು ಆರಿಸಿಕೊಳ್ಳಿ. ನೀರು ಇಳಿದಾಗಲೇ ಕಂಬಗಳ ಬುಡ, ಚಿಪ್ಪಿನ ಹಾಸು, ಕಲ್ಲುಗುಂಡಿಗಳಲ್ಲಿನ ಏಡಿ ಕಾಣಸಿಗುವುದು.

ಸಂಜೆ ಮಲ್ಪೆಗೆ ಮರಳಿ, ಟ್ರೈಪಾಡ್ ಹೂಡಿ ದ್ವೀಪಗಳ ಕಡೆ ಸೂರ್ಯ ಇಳಿಯುವುದನ್ನು ತೆಗೆಯಬಹುದು. ಡಿಸೆಂಬರ್‌ನಲ್ಲಿ 6 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಸೂರ್ಯಾಸ್ತ. ಇನ್ನೊಂದು ಸಂಜೆ ಕೈಯಲ್ಲಿದ್ದರೆ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭಕ್ಕೆ ಮೀಸಲಿಡಿ.

ಚೀಲದಲ್ಲಿ ಏನಿರಬೇಕು

ಕಡಿಮೆ. ಅಗಲ ಕೋನದ ಒಂದು ಲೆನ್ಸ್, 70–200ರಂಥ ಒಂದು ದೂರದ ಲೆನ್ಸ್, ಪೋಲರೈಸರ್, ಹೆಚ್ಚುವರಿ ಬ್ಯಾಟರಿ, ಮೆಮೊರಿ ಕಾರ್ಡ್. ಸ್ವಂತಕ್ಕೆ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಬೆಳ್ಳಗಿನ ಚಿಪ್ಪಿನ ತೀರವನ್ನು ಕ್ಯಾಮೆರಾ ತಾನಾಗಿಯೇ ಮಂಕು ಮಾಡುತ್ತದೆ, ಕಪ್ಪು ಬಂಡೆ ತುಂಬಿದ ಚೌಕಟ್ಟನ್ನು ಅತಿಯಾಗಿ ಬೆಳಗುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ, ಎರಡನೆಯದಕ್ಕೆ ಇಳಿಸಿ. ಕಲ್ಲಿನ ದೃಶ್ಯಗಳಿಗೆ ಎಫ್/8ರಿಂದ ಎಫ್/11 ಸಾಕು. ಮೊಬೈಲಿನಲ್ಲಿ ತೆಗೆಯುವವರು ಬೇಸರಪಡಬೇಕಿಲ್ಲ; ಲೆನ್ಸ್ ಒರೆಸಿಕೊಂಡು, ಬೆರಳಿನಿಂದ ಬೆಳಕು ಹೊಂದಿಸಿ, ಕೆಳಗೆ ಕೂತು ತೆಗೆದರೆ ಈ ದ್ವೀಪ ಮೊಬೈಲಿಗೂ ಚೆನ್ನಾಗಿ ಒಲಿಯುತ್ತದೆ.

ಉಪ್ಪುಗಾಳಿ ಲೋಹಕ್ಕೆ ಏನು ಮಾಡುತ್ತದೆಂದು ಪೀಣ್ಯದ ಲೇತ್ ಮುಂದೆ ನಿಲ್ಲುವವರಿಗೆ ಹೇಳಿಕೊಡಬೇಕಿಲ್ಲ. ತೀರದಲ್ಲಿ ಲೆನ್ಸ್ ಬದಲಿಸಬೇಡಿ. ಕೋಣೆಗೆ ಬಂದ ತಕ್ಷಣ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಟ್ರೈಪಾಡ್ ಕಾಲುಗಳನ್ನು ತೊಳೆಯಿರಿ. ಏಸಿ ಕೋಣೆಯಿಂದ ಹೊರಬಂದರೆ ಲೆನ್ಸ್ ಮಬ್ಬಾಗುತ್ತದೆ. ಅರ್ಧ ಗಂಟೆ ಚೀಲದೊಳಗೇ ಇರಲಿ.

ಬಂದರಿನ ಜನ, ಡ್ರೋನ್

ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಮುಂಜಾನೆ ಬೋಟುಗಳು ಬಂದು ಮೀನು ಇಳಿಸುವ ಹೊತ್ತಿನಲ್ಲಿ, ದ್ವೀಪದ ದೋಣಿ ಹೊರಡುವ ಮುಂಚೆ, ಅಲ್ಲಿ ಒಳ್ಳೆಯ ಬೆಳಕೂ ಇದೆ, ಬದುಕೂ ಇದೆ. ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆಗ ಈ ದೃಶ್ಯ ಸಿಗದು. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಬೇಡಿ. "ಅಕ್ಕ, ಒಂದು ಫೋಟೋ ತೆಗೀಲಾ?" ಎಂದು ಕೇಳಿ, ಬೇಡವೆಂದರೆ ಕ್ಯಾಮೆರಾ ಇಳಿಸಿ. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್‌ಗಳಿಗೆ 2021ರ ಡ್ರೋನ್ ನಿಯಮಗಳ ಪ್ರಕಾರ ನೋಂದಣಿ ಕಡ್ಡಾಯ. ಕರಾವಳಿ ಕಾವಲು ಪೊಲೀಸ್ ಕೇಂದ್ರ ಕಚೇರಿ ಮಲ್ಪೆಯಲ್ಲೇ ಇದೆ. ಹಾರಿಸುವ ಮುಂಚೆ ಅನುಮತಿ ವಿಚಾರಿಸಿ.

ಇದಾದ ಮೇಲೆ

ನೀರೊಳಗಿನ ಚಿತ್ರ ಬೇಕೆನ್ನುವವರಿಗೆ ಮುರುಡೇಶ್ವರದಿಂದ 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಇದೆ. ಹವಳ, ಬಣ್ಣದ ಮೀನು ಅಲ್ಲಿ. ಜಲನಿರೋಧಕ ಕವಚವಿಲ್ಲದೆ ಹೋದರೆ ಪ್ರಯೋಜನವಿಲ್ಲ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಹಡಗು ಕೊಚ್ಚಿಯಿಂದ. ಅಂಡಮಾನ್‌ಗೆ ಬೆಂಗಳೂರಿನಿಂದಲೇ ವಿಮಾನವಿದೆ. ಅಲ್ಲಿ ಗಡಿಯಾರ ನಮ್ಮದೇ ಆದರೂ ಜಾಗ ತುಂಬ ಪೂರ್ವಕ್ಕಿರುವುದರಿಂದ ಡಿಸೆಂಬರ್‌ನಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ದಿನಚರಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಅಲ್ಲಿನ ಜರಾವಾ ಬುಡಕಟ್ಟಿನ ಜನರ ಚಿತ್ರ ತೆಗೆಯುವುದು ಅಪರಾಧ.

ಚಿತ್ರಕ್ಕಿಂತ ಮುಂಚೆ

2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಸೇಂಟ್ ಮೇರೀಸ್‌ನಲ್ಲಿ ನೀರುಪಾಲಾದರು. ಅಲೆ ತಾಗುವ ಬಂಡೆಯ ಮೇಲೆ ಪಾಚಿ ಇರುತ್ತದೆ, ಚಪ್ಪಲಿ ಹಿಡಿತ ಕೊಡುವುದಿಲ್ಲ, ಕಣ್ಣು ಕ್ಯಾಮೆರಾದಲ್ಲಿದ್ದಾಗ ಬೆನ್ನ ಹಿಂದಿನ ಅಲೆ ಕಾಣುವುದಿಲ್ಲ. ಒದ್ದೆಯಾಗಿ ಕಪ್ಪಗೆ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ. ಕಾವಲಿನವರು ಸೀಟಿ ಊದಿದರೆ ಅರ್ಧ ತೆಗೆದ ಚಿತ್ರವನ್ನೂ ಬಿಟ್ಟು ಹಿಂದೆ ಬನ್ನಿ. ಕಂಬಗಳ ಮೇಲೆ ಹೆಸರು ಕೆತ್ತಬೇಡಿ, ಚಿಪ್ಪುಗಳನ್ನು ಚೀಲಕ್ಕೆ ತುಂಬಿಕೊಳ್ಳಬೇಡಿ. ಆ ದ್ವೀಪದ ತೀರ ಆಗಿರುವುದೇ ಚಿಪ್ಪುಗಳಿಂದ.